ಮನೆಯಲ್ಲಿ ಹಳೆಯ ಪ್ರಾರ್ಥನಾ ಕ್ರಮ: ನಡೆಸಿದವರ ಅನುಭವ

ಕೇಳಿದ ಪ್ರಶ್ನೆ: ನಾವು ಆಂಗ್ಲಿಕನ್ ಸಭೆಗೆ ಸೇರಿದ ಕುಟುಂಬ. ನಮ್ಮ ಸಭೆಯ ಆರಾಧನೆ ಈಗ ಬಹುಮಟ್ಟಿಗೆ ಹೊಸ ಕ್ರಮದಲ್ಲಿ ನಡೆಯುತ್ತದೆ. ಮಕ್ಕಳಿಗೆ ಆಂಗ್ಲಿಕನ್ನರ ಹಳೆಯ ಆರಾಧನಾ ಕ್ರಮವಾದ 1662ರ ಸಾಮಾನ್ಯ ಪ್ರಾರ್ಥನೆಯ ಪುಸ್ತಕದ ರೂಢಿ ಮಾಡಿಸಬೇಕೆಂಬುದು ನನ್ನ ಆಸೆ. ಬೇರೆ ಪಂಗಡದಲ್ಲಿ ಬೆಳೆದ ನನ್ನ ಪತಿ, ಬರೆದಿಟ್ಟದ್ದನ್ನು ಓದುವುದು ಪ್ರಾರ್ಥನೆಯೇ ಅಲ್ಲ ಎನ್ನುತ್ತಾರೆ. ಸಭೆಯನ್ನು ಬಿಡದೆ, ಮನೆಯಲ್ಲಿ ಮನಸ್ತಾಪಕ್ಕೂ ಎಡೆಗೊಡದೆ ಇದನ್ನು ನಡೆಸಿಕೊಂಡು ಬಂದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಸಹೋದರಿ, ಸಂಜೆಯ ಪ್ರಾರ್ಥನೆಯಿಂದ ಆರಂಭಿಸಿ. ಬೆಳಗಿನದನ್ನು ಸದ್ಯಕ್ಕೆ ಮುಟ್ಟಬೇಡಿ. ಶಾಲೆಗೆ ಹೊರಡುವ ಅವಸರದಲ್ಲಿ ಹೇಳಿಸಿದ ಪ್ರಾರ್ಥನೆ ಮಕ್ಕಳಿಗೆ ಬೈಗುಳದಂತೆ ಕೇಳಿಸುತ್ತದೆ. ಇಡೀ ಕ್ರಮವನ್ನು ಮೊದಲ ದಿನವೇ ನಡೆಸಬೇಕೆಂಬ ಹಟವೂ ಬೇಡ. ನಮ್ಮ ಮನೆಯಲ್ಲಿ ಬೈಬಲಿನ ಒಂದು ಕೀರ್ತನೆ, ಒಂದು ವಾಚನ, ಸಿಮೆಯೋನನ ಗೀತೆ (ಶಿಶು ಯೇಸುವನ್ನು ಕಂಡಾಗ ಅವನು ನುಡಿದ ಸ್ತುತಿ), ಅಪೊಸ್ತಲರ ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ ಮತ್ತು ಮೂರನೆಯ ಸಂಗ್ರಹ ಪ್ರಾರ್ಥನೆ (ಒಂದೇ ಬೇಡಿಕೆಯ ಸುತ್ತ ಕಟ್ಟಿದ ಚಿಕ್ಕ ನಿಗದಿತ ಪ್ರಾರ್ಥನೆ) ಇಷ್ಟರಿಂದಲೇ ತೊಡಗಿದೆವು. ನಮ್ಮ ಕತ್ತಲೆಯನ್ನು ಬೆಳಗಿಸು, ಈ ರಾತ್ರಿಯ ಅಪಾಯಗಳಿಂದ ಕಾಪಾಡು ಎಂದು ಬೇಡುವ ಆ ಕೊನೆಯ ಪ್ರಾರ್ಥನೆಯನ್ನು ನಮ್ಮ ಕಿರಿಯ ಮಗ ಅಕ್ಷರ ಕಲಿಯುವ ಮೊದಲೇ ಬಾಯಿಪಾಠ ಮಾಡಿಕೊಂಡಿದ್ದ; ಹಾಸಿಗೆಯಲ್ಲಿ ಮಗ್ಗುಲಾದ ಮೇಲೆ ಇನ್ನೊಮ್ಮೆ ತಾನಾಗಿಯೇ ಹೇಳಿಕೊಳ್ಳುತ್ತಿದ್ದ.

ಕೀರ್ತನೆಗಳ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಪುಸ್ತಕವು ನೂರೈವತ್ತು ಕೀರ್ತನೆಗಳನ್ನೂ ಮೂವತ್ತು ದಿನಗಳ ಬೆಳಗು ಸಂಜೆಗಳಿಗೆ ಹಂಚಿದೆ. ಆ ಹಂಚಿಕೆಯ ಪ್ರಕಾರ 15ನೆಯ ದಿನದ ಸಂಜೆಗೆ ಎಪ್ಪತ್ತಕ್ಕೂ ಹೆಚ್ಚು ವಚನಗಳ 78ನೆಯ ಕೀರ್ತನೆ ಬರುತ್ತದೆ. ಚಿಕ್ಕ ಮಕ್ಕಳು ಅಷ್ಟು ಹೊತ್ತು ಕೂರಲಾರರು. ನಾವು ಅಂದು ಅದರ ಮೊದಲ ಭಾಗವನ್ನಷ್ಟೇ, ಒಂದು ವಚನ ನಾನು, ಮುಂದಿನದು ಮಕ್ಕಳು ಎಂಬಂತೆ ಸರದಿಯಲ್ಲಿ ಓದುತ್ತೇವೆ. ಉಳಿದದ್ದನ್ನು ಮಕ್ಕಳು ಮಲಗಿದ ಮೇಲೆ ದೊಡ್ಡವರು ಓದಿ ಮುಗಿಸಬಹುದು.

ಮುಂದೆ ಪಾಪನಿವೇದನೆಯನ್ನು ಸೇರಿಸಿಕೊಂಡಾಗ, ಅದರ ನಂತರದ ಪಾಪಕ್ಷಮೆಯ ಘೋಷಣೆಯನ್ನು ಮನೆಯಲ್ಲಿ ಓದಬಾರದು, ಏಕೆಂದರೆ ಅದು ಅಭಿಷಿಕ್ತ ಗುರುಗಳಿಗೆ ಮಾತ್ರ ಮೀಸಲೆಂದು ಪುಸ್ತಕದಲ್ಲೇ ಸೂಚನೆಯಿದೆ. ಅದರ ಬದಲಿಗೆ ತ್ರಿತ್ವದ ಹಬ್ಬದ ನಂತರದ 21ನೆಯ ಭಾನುವಾರದ ಸಂಗ್ರಹ ಪ್ರಾರ್ಥನೆಯನ್ನು ಹೇಳುವ ಪದ್ಧತಿ ಹಲವರಲ್ಲಿದೆ. ಕ್ಷಮೆಯನ್ನೂ ಸಮಾಧಾನವನ್ನೂ ಬೇಡುವ ಆ ಪ್ರಾರ್ಥನೆ ಆ ಸ್ಥಳಕ್ಕೆ ಚೆನ್ನಾಗಿ ಒಪ್ಪುತ್ತದೆ. ಭಾಷೆಯ ಬಗ್ಗೆಯೂ ಅಂಜಿಕೆ ಬೇಡ. ಖಾಸಗಿಯಾಗಿ ಪ್ರಾರ್ಥಿಸುವವರು ತಮಗೆ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಇದನ್ನು ಹೇಳಬಹುದೆಂದು ಪುಸ್ತಕದ ಪೀಠಿಕೆಯ ಭಾಗವೇ ಅನುಮತಿ ಕೊಟ್ಟಿದೆ.

ಎರಡನೆಯ ಉತ್ತರ

ನಿಮ್ಮ ಪತಿಯವರ ಆಕ್ಷೇಪಣೆಯನ್ನು ಹಗುರವಾಗಿ ಕಾಣಬೇಡಿ. ಅದರ ಹಿಂದೆ ದೇವರ ಮುಂದೆ ಪ್ರಾಮಾಣಿಕವಾಗಿರಬೇಕೆಂಬ ಕಾಳಜಿಯಿದೆ. ಸಭೆಯನ್ನು ಇನ್ನಷ್ಟು ಸುಧಾರಿಸಬಯಸಿದ ಇಂಗ್ಲೆಂಡಿನ ಪ್ಯೂರಿಟನ್ನರು ಇದೇ ಆಕ್ಷೇಪಣೆಯನ್ನು ಎತ್ತಿದ್ದಾಗ ಆಂಗ್ಲಿಕನ್ ದೇವಶಾಸ್ತ್ರಜ್ಞ ರಿಚರ್ಡ್ ಹೂಕರ್ 1597ರಲ್ಲಿ ಪ್ರಕಟವಾದ ತನ್ನ ಗ್ರಂಥದ ಐದನೆಯ ಭಾಗದಲ್ಲಿ ನಿಗದಿತ ಪ್ರಾರ್ಥನೆಗಳನ್ನು ವಿಸ್ತಾರವಾಗಿ ಸಮರ್ಥಿಸಿದನು. ಆದರೆ ನಮ್ಮ ಮನೆಯಲ್ಲಿ ದಾರಿ ತೋರಿದ್ದು ವಾದವಲ್ಲ. ನನ್ನ ಪತ್ನಿಯೂ ಸ್ವಂತ ಮಾತಿನಲ್ಲಿ ಪ್ರಾರ್ಥಿಸುವ ಮನೆತನದಿಂದ ಬಂದವರು. ಮೂರನೆಯ ಸಂಗ್ರಹ ಪ್ರಾರ್ಥನೆಯ ನಂತರದ ಸ್ಥಳವನ್ನು ನಾವು ಅವರಿಗೇ ಬಿಟ್ಟೆವು. ಆ ದಿನದ ಕಷ್ಟಸುಖಗಳನ್ನು ಅವರು ತಮ್ಮ ಮಾತಿನಲ್ಲಿ ದೇವರ ಮುಂದಿಡುತ್ತಾರೆ, ನಾವೆಲ್ಲರೂ ಆಮೆನ್ ಎನ್ನುತ್ತೇವೆ.

ಕೆಲವು ಕಾಲದ ನಂತರ ಅವರ ತಾಯಿ ತೀರಿಕೊಂಡರು. ಆ ವಾರಗಳಲ್ಲಿ ಅವರಿಗೆ ಸ್ವಂತ ಮಾತು ಹೊರಡಲೇ ಇಲ್ಲ. ನಾವು ಕೀರ್ತನೆ ಓದುತ್ತಿದ್ದರೆ ಅವರು ಪಕ್ಕದಲ್ಲಿ ಕೂತು ಕೇಳುತ್ತಿದ್ದರು, ವಿಶ್ವಾಸ ಪ್ರಮಾಣ ಬಂದಾಗ ಮೆಲ್ಲನೆ ದನಿಗೂಡಿಸುತ್ತಿದ್ದರು. ಬರೆದಿಟ್ಟ ಪ್ರಾರ್ಥನೆ ಯಾರ ಸಲುವಾಗಿ ಇದೆ ಎಂಬುದರ ಬಗ್ಗೆ ಆಮೇಲೆ ನಮ್ಮಲ್ಲಿ ಚರ್ಚೆಯೇ ಬರಲಿಲ್ಲ.

ಮಕ್ಕಳಿಗೆ ಸಂಗ್ರಹ ಪ್ರಾರ್ಥನೆಯ ರಚನೆಯನ್ನೂ ತಿಳಿಸಿಕೊಡಿ: ಮೊದಲು ದೇವರನ್ನು ಸಂಬೋಧಿಸುವುದು, ನಂತರ ಆತನ ಒಂದು ಗುಣವನ್ನೋ ಕಾರ್ಯವನ್ನೋ ನೆನೆಯುವುದು, ಬಳಿಕ ಒಂದೇ ಒಂದು ಬೇಡಿಕೆ, ಅದು ಏತಕ್ಕಾಗಿ ಎಂಬ ಮಾತು, ಕೊನೆಗೆ ಕ್ರಿಸ್ತನ ಮೂಲಕ ಎಂಬ ಮುಕ್ತಾಯ. ಈ ಕ್ರಮವನ್ನು ಹಿಡಿದು ನಮ್ಮ ಮಗಳು, ಕುರುಡರ ಕಣ್ಣು ತೆರೆದ ಕರ್ತನೇ, ಅಜ್ಜನ ಕಣ್ಣಿನ ಚಿಕಿತ್ಸೆ ಸರಿಹೋಗಲಿ, ಅವರು ಮತ್ತೆ ನಿನ್ನ ವಾಕ್ಯ ಓದುವಂತಾಗಲಿ ಎಂದು ತಾನೇ ಪ್ರಾರ್ಥನೆ ಕಟ್ಟಿದಳು. ಅದು ಬರೆದಿಟ್ಟದ್ದೋ ಹೃದಯದ್ದೋ ಎಂದು ವಿಂಗಡಿಸಲು ನನ್ನಿಂದಾಗದು.

ಮೂರನೆಯ ಉತ್ತರ

ನಾನು ಸಭೆಯ ಸಂಬಂಧದ ಬಗ್ಗೆ ಮಾತ್ರ ಬರೆಯುತ್ತೇನೆ. ಹಳೆಯ ಕ್ರಮವನ್ನು ಪ್ರೀತಿಸುವವರು ಭಾನುವಾರದ ಊಟದ ಹೊತ್ತಿಗೆ ಸಭಾಪಾಲಕರ ತಪ್ಪುಗಳನ್ನು ಎಣಿಸುತ್ತಾ ಕೂರುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ, ಅಂತಹ ಮನೆಗಳ ಮಕ್ಕಳು ಎರಡನ್ನೂ ಬಿಟ್ಟು ಹೋದದ್ದನ್ನೂ ಕಂಡಿದ್ದೇನೆ. ಆಂಗ್ಲಿಕನ್ ಸಭೆಯ ಬೋಧನೆಯನ್ನು ಹೇಳುವ, 1571ರಲ್ಲಿ ಅಂತಿಮ ರೂಪ ಪಡೆದ ಮೂವತ್ತೊಂಬತ್ತು ವಿಧಿಗಳ ಪೈಕಿ 34ನೆಯದು, ಆಚಾರಗಳು ಎಲ್ಲೆಡೆಯೂ ಒಂದೇ ಆಗಿರಬೇಕಿಲ್ಲ, ದೇವರ ವಾಕ್ಯಕ್ಕೆ ವಿರೋಧವಾಗದಂತೆ ದೇಶಕಾಲಗಳಿಗೆ ತಕ್ಕಂತೆ ಬದಲಾಗಬಹುದು ಎನ್ನುತ್ತದೆ. ಅದೇ ವಿಧಿಯು, ಸಭೆಯ ಅಧಿಕಾರದಿಂದ ಸ್ಥಾಪಿತವಾದ ಕ್ರಮವನ್ನು ಸ್ವಂತ ತೀರ್ಮಾನದಿಂದ ಬಹಿರಂಗವಾಗಿ ಮುರಿಯುವವರನ್ನು ಖಂಡಿಸುತ್ತದೆ. ಹಳೆಯದನ್ನು ಬಯಸುವ ನಮಗೂ ಆ ಮಾತು ಅನ್ವಯಿಸುತ್ತದೆ.

ಆದ್ದರಿಂದ ಮನೆಯ ಪ್ರಾರ್ಥನೆಯನ್ನು ಸಭೆಗೆ ಜೋಡಿಸಿ. ಭಾನುವಾರ ಓದಲಿರುವ ಸುವಾರ್ತಾ ಭಾಗವನ್ನು ಶನಿವಾರ ಸಂಜೆಯೇ ಮನೆಯಲ್ಲಿ ಓದಿ. ವಿಶ್ವಾಸದ ಮೂಲಪಾಠಗಳನ್ನು ಪ್ರಶ್ನೆ ಉತ್ತರಗಳಲ್ಲಿ ಹೇಳಿಕೊಡುವ ಪ್ರಶ್ನೋತ್ತರ ಮಾಲೆಯನ್ನು ಕಲಿಸುವುದಿದ್ದರೆ ಸಭಾಪಾಲಕರಿಗೆ ತಿಳಿಸಿಯೇ ಕಲಿಸಿ, ಏಕೆಂದರೆ 1662ರ ಪುಸ್ತಕವು ಅದನ್ನು ಕಲಿಸುವ ಹೊಣೆಯನ್ನು ಗುರುಗಳಿಗೂ, ಮಕ್ಕಳನ್ನು ಕಳುಹಿಸುವ ಹೊಣೆಯನ್ನು ತಂದೆತಾಯಿಗಳಿಗೂ ವಹಿಸಿದೆ. ನಿನ್ನ ಹೆಸರೇನು, ಈ ಹೆಸರನ್ನು ನಿನಗೆ ಕೊಟ್ಟವರು ಯಾರು ಎಂದು ಆರಂಭವಾಗುವ ಆ ಪಾಠಕ್ಕೆ ಮಕ್ಕಳ ಜ್ಞಾನ ತಂದೆತಾಯಿಗಳನ್ನೂ (ದೀಕ್ಷಾಸ್ನಾನದಲ್ಲಿ ಮಗುವಿನ ಪರವಾಗಿ ಮಾತು ಕೊಟ್ಟವರನ್ನು) ಒಮ್ಮೆ ಮನೆಗೆ ಕರೆಯಿರಿ. ಎರಡನೆಯ ಪ್ರಶ್ನೆಗೆ ಉತ್ತರ ಅವರೇ ಆಗಿರುವುದರಿಂದ, ದೀಕ್ಷಾಸ್ನಾನದ ದಿನ ತಾವು ಕೊಟ್ಟ ಮಾತನ್ನು ಅವರು ಮಕ್ಕಳಿಗೆ ತಾವೇ ಹೇಳಲಿ.