ಪ್ರಶ್ನೋತ್ತರ: ಪಿಯು ಸೈನ್ಸ್ ಓದುತ್ತಲೇ ಹಾರ್ವರ್ಡ್, ಎಂಐಟಿಗೆ ಅರ್ಜಿ

ಪ್ರಶ್ನೆ (ಪಾಲಕರು, ತಿಕೋಟಾ): ನಮಸ್ಕಾರ್ರಿ ಸರ್. ಮಗಳು ವಿಜಯಪುರದಾಗ ಫಸ್ಟ್ ಪಿಯು ಪಿಸಿಎಂಬಿ. ಎಸ್ಸೆಸ್ಸೆಲ್ಸಿಯೊಳಗ 625ಕ್ಕ 604, ಅಲ್ಲೀತನಕ ಕನ್ನಡ ಮೀಡಿಯಂ. ಅಮೆರಿಕಾದ ದೊಡ್ಡ ಕಾಲೇಜಿಗೆ ಹಾಕತೀನಿ ಅಂತಾಳ. ನಮ್ಮದು ನಾಲ್ಕೆಕರೆ ದ್ರಾಕ್ಷಿ, ಮಣೂಕ (ಒಣದ್ರಾಕ್ಷಿ) ಮಾಡತೀವಿ, ಫೀ ಕಟ್ಟೂ ತಾಕತ್ತಿಲ್ಲ. ಒಬ್ಬ ಏಜೆಂಟ ರಿಸರ್ಚ್ ಪೇಪರ್, ಎನ್‌ಜಿಒ ಸರ್ಟಿಫಿಕೇಟ್ ಎಲ್ಲಾ ಸೇರಿ ಮೂರು ಲಕ್ಷ ಅಂದಾನ. ಕೊಡಬೇಕೇನ್ರಿ?

ಉತ್ತರ (ಅಡ್ಮಿಷನ್ ಸಲಹೆಗಾರರು, ಬೆಳಗಾವಿ): ಕೊಡಬೇಡ್ರಿ. ರೊಕ್ಕ ಕೊಟ್ಟು ಬರೆಸಿದ ಪೇಪರ್ ಯಾವುದು ಅಂತ ಅಲ್ಲಿ ಅರ್ಜಿ ಓದುವವರಿಗೆ ಗೊತ್ತಾಗುತ್ತದೆ. ಹಾರ್ವರ್ಡ್ ನೂರು ಅರ್ಜಿಗೆ ಸುಮಾರು ನಾಲ್ಕು ಜನರನ್ನಷ್ಟೇ ತಗೊಳ್ಳುತ್ತದೆ, ಎಂಐಟಿಯಲ್ಲಿ ವಿದೇಶಿ ಮಕ್ಕಳಿಗೆ ಇನ್ನೂ ಕಡಿಮೆ. ಹಾಗಾಗಿ ಸಿಇಟಿ, ಜೆಇಇ ಏನನ್ನೂ ಬಿಡಿಸಬೇಡಿ.

ಫೀ ಬಗ್ಗೆ ಹೆದರಬೇಡಿ, ಕಾಲೇಜು ಆರಿಸುವಾಗ ಎಚ್ಚರ ಇರಲಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಇವೆಲ್ಲ ವಿದೇಶದ ಮಗುವಿಗೂ ಸೀಟು ಕೊಡುವಾಗ ಮನೆಯ ಹಣಕಾಸು ನೋಡುವುದಿಲ್ಲ. ಸೀಟು ಸಿಕ್ಕರೆ ನಿಮ್ಮ ಕೈಲಾಗದಷ್ಟನ್ನು ಅವೇ ತುಂಬುತ್ತವೆ. ಉಳಿದ ಬಹಳಷ್ಟು ಕಡೆ ನೆರವು ಕೇಳಿದ್ದೇ ಸೀಟಿಗೆ ಅಡ್ಡ ಬರಬಹುದು. ಆದರೂ ಮೊದಲ ಅರ್ಜಿಯಲ್ಲೇ ಕೇಳಿ. ಆಗ ಕೇಳದವರಿಗೆ ಆಮೇಲೆ ಕೊಡದ ಕಾಲೇಜು ಹಲವಿವೆ.

ನೆರವಿಗೆ ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಫಾರ್ಮ್ ತುಂಬಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಐಟಿ ರಿಟರ್ನ್ ಇಲ್ಲ ಅಂತ ಆ ಕಾಲಂ ಹಾಗೇ ಬಿಟ್ಟರೆ ಫೈಲು ಅಲ್ಲೇ ನಿಲ್ಲುತ್ತದೆ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್, ಬೆಳೆಸಾಲದ ಕಾಗದ, ಮಣೂಕ ಮಾರಿದ ಪಟ್ಟಿ, ಜೊತೆಗೆ ಇಂಗ್ಲಿಷಿನಲ್ಲಿ ನೀವು ಸಹಿ ಮಾಡಿದ ಒಂದು ಪುಟದ ವಿವರಣೆ ಇಡಿ. ಎಡವುವುದು ಎಲ್ಲಿ ಅಂದರೆ, ಪ್ರಮಾಣಪತ್ರದಲ್ಲಿ ಸಣ್ಣ ಅಂಕಿ, ಪಟ್ಟಿಯಲ್ಲಿ ದೊಡ್ಡ ಅಂಕಿ. ಪಟ್ಟಿಯಲ್ಲಿ ಕಾಣುವುದು ಮಾರಾಟ. ಔಷಧ, ಗೊಬ್ಬರ, ಕೂಲಿ, ದಲಾಲಿ ಕಳೆದು ಉಳಿದದ್ದು ಆದಾಯ. ಈ ಲೆಕ್ಕವನ್ನು ವಿವರಣೆಯಲ್ಲೇ ಬಿಡಿಸಿ ಬರೆಯಿರಿ. ಅಕಾಲಿಕ ಮಳೆಗೆ ಬೆಳೆ ಹೋದ ವರ್ಷವಿದ್ದರೆ ಮೂರು ವರ್ಷದ ಅಂಕಿ ಪಕ್ಕಪಕ್ಕ ಕೊಡಿ.

ಇನ್ನು ಸರ್ಟಿಫಿಕೇಟ್. ಮನೆಯಲ್ಲೇ ಮಣೂಕದ ಶೆಡ್ ಇದೆಯಲ್ಲ! ಹಲವು ಕಾಲೇಜಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಗೆ ಹತ್ತು ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ ಮಾತ್ರ. ಮನೆಯ ಜವಾಬ್ದಾರಿ, ಹೊಲದ ಕೆಲಸಕ್ಕೂ ಅಲ್ಲಿ ಬೆಲೆ ಇದೆ. ‘ತಂದೆಗೆ ಕೃಷಿಯಲ್ಲಿ ಸಹಾಯ’ ಅಂತ ಬರೆದರೆ ಜಾಗ ದಂಡ. ಫಸ್ಟ್ ಪಿಯು ಪರೀಕ್ಷೆ ಮುಗಿದ ಕೂಡಲೇ ಶೆಡ್ಡಿನ ಮೇಲಿನ, ನಡುವಿನ, ಕೆಳಗಿನ ಜಾಲರಿಗೆ ಒಂದೊಂದು ತಾಪ-ತೇವ ಮಾಪಕ ಕಟ್ಟಲಿ. ಬೆಳಗ್ಗೆ 7ಕ್ಕೆ, ಮಧ್ಯಾಹ್ನ 3ಕ್ಕೆ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಪ್ರತಿ ಜಾಲರಿಯಲ್ಲಿ ಒಂದು ಕೆಜಿ ಹಣ್ಣನ್ನು ಬೇರೆ ತಟ್ಟೆಯಲ್ಲಿಟ್ಟು ದಿನಾ ತೂಗಲಿ. ನಾಲ್ಕು ಕೆಜಿ ಹಣ್ಣಿಗೆ ಒಂದು ಕೆಜಿ ಮಣೂಕ ಅನ್ನುವುದು ನಿಮಗೆ ಗೊತ್ತಿದ್ದ ಲೆಕ್ಕ. ಅಂದರೆ ಯಾವ ಜಾಲರಿ ಎಷ್ಟನೇ ದಿನಕ್ಕೆ ಸುಮಾರು 250 ಗ್ರಾಂಗೆ ಇಳಿಯಿತು, ಯಾಕೆ, ಅದರಿಂದ ಶೆಡ್ಡಿನಲ್ಲಿ ಏನು ಬದಲಾಯಿಸಿದಳು. 150 ಅಕ್ಷರದಲ್ಲಿ ಇದಿಷ್ಟೇ ಬರಲಿ, ವಿಶೇಷಣ ಒಂದೂ ಬೇಡ.

ಪ್ರಶ್ನೆ (ಪಿಯು ಉಪನ್ಯಾಸಕಿ, ಬಾಗಲಕೋಟೆ): ಸರ್, ನಮ್ಮ ಹುಡುಗನೊಬ್ಬ ಅಮೆರಿಕಾದ ಅರ್ಜಿಯಲ್ಲಿ ಪ್ರಾಚಾರ್ಯರ ಹೆಸರು ‘ಕೌನ್ಸೆಲರ್’ ಅಂತ ಹಾಕಿದ್ದಾನೆ, ಅವರಿಗೆ ಇಮೇಲ್ ಬಂದಿದೆ. ನಮ್ಮಲ್ಲಿ ಕೌನ್ಸೆಲರೇ ಇಲ್ಲ. ಏನು ಕಳಿಸಬೇಕು?

ಉತ್ತರ: ಮೇಡಂ, ಹುಡುಗ ಸರಿಯಾಗೇ ಹಾಕಿದ್ದಾನೆ. ಕೌನ್ಸೆಲರ್ ಅಂದರೆ ಶಾಲೆಯ ಪರವಾಗಿ ಅಂಕ, ಪತ್ರ ಕಳಿಸುವವರು. ಅವರಿಲ್ಲದ ಕಡೆ ಆ ಕೆಲಸ ಪ್ರಾಚಾರ್ಯರದ್ದೇ. ನಮ್ಮ ಕಡೆಯ ಅರ್ಜಿ ಹೆಚ್ಚಾಗಿ ಇಲ್ಲೇ ಸೋಲುತ್ತದೆ. ಅಲ್ಲಿಯವರಿಗೆ 9ರಿಂದ 12ರವರೆಗೆ ನಾಲ್ಕು ವರ್ಷದ ಅಂಕ ಬೇಕು, ನಮ್ಮಲ್ಲಿ ಎರಡು ವರ್ಷ ಹೈಸ್ಕೂಲು, ಎರಡು ವರ್ಷ ಕಾಲೇಜು. ಒಂಬತ್ತನೆಯದನ್ನು ಹಳೇ ಶಾಲೆಯ ಹೆಡ್‌ಮಾಸ್ತರರಿಂದ ಲೆಟರ್‌ಹೆಡ್‌ನಲ್ಲಿ ಬರೆಸಿ, ಸಹಿ-ಶಿಕ್ಕಾ ಹಾಕಿಸಿ ತರಿಸಿ. ಅದಕ್ಕೆ ಎಸ್ಸೆಸ್ಸೆಲ್ಸಿ, ಫಸ್ಟ್ ಪಿಯು ಅಂಕಪಟ್ಟಿ ಸೇರಿಸಿ. ಸೆಕೆಂಡ್ ಪಿಯು ಫಲಿತಾಂಶ ಬರುವಷ್ಟರಲ್ಲಿ ಅವರ ಆಯ್ಕೆ ಮುಗಿದಿರುತ್ತದೆ, ಅದಕ್ಕೇ ಮಧ್ಯವಾರ್ಷಿಕದ ಅಂಕ ಹೋಗಬೇಕು.

ಜೊತೆಗೆ ‘ಸ್ಕೂಲ್ ಪ್ರೊಫೈಲ್’ ಅಂತ ಒಂದು ಪುಟ. ಎಷ್ಟು ಮಕ್ಕಳು, ಯಾವ ವಿಷಯ, ಪಿಯು ಒಟ್ಟು 600 ಅಂಕ, ಹೋದ ವರ್ಷ ಕಾಲೇಜಿನಲ್ಲಿ ಅತಿ ಹೆಚ್ಚು ಎಷ್ಟು, ಶೇ 90 ದಾಟಿದವರು ಎಷ್ಟು ಅಂತ ಬರೆಯಿರಿ. ಇದಿಲ್ಲದಿದ್ದರೆ 560 ಅಂಕ ದೊಡ್ಡದೋ ಸಣ್ಣದೋ ಅಲ್ಲಿಯವರಿಗೆ ತಿಳಿಯುವುದಿಲ್ಲ.

ಶಿಫಾರಸು ಪತ್ರ ಹುಡುಗನೇ ಬರೆದು, ಪ್ರಾಚಾರ್ಯರು ಸಹಿ ಮಾಡುವ ಪದ್ಧತಿ ಬೇಡವೇ ಬೇಡ. ಪ್ರಾಚಾರ್ಯರದ್ದೊಂದು, ಉಪನ್ಯಾಸಕರದ್ದೆರಡು, ಮೂರೂ ಪತ್ರ ಒಂದೇ ಧಾಟಿಯಲ್ಲಿದ್ದರೆ ಅನುಮಾನ ಬರುತ್ತದೆ. ಹುಡುಗ ಒಂದು ಪುಟದಲ್ಲಿ ಲ್ಯಾಬಿನಲ್ಲಿ, ಕ್ಲಾಸಿನಲ್ಲಿ ನಡೆದ ಎರಡು-ಮೂರು ಸಂಗತಿ ನೆನಪಿಸಿಕೊಡಲಿ, ಬರೆಯುವವರು ನೀವು. ಎಂಐಟಿ ಉಪನ್ಯಾಸಕರಿಂದ ಎರಡು ಪತ್ರ ಕೇಳುತ್ತದೆ: ಒಂದು ಗಣಿತ ಅಥವಾ ವಿಜ್ಞಾನದವರದ್ದು, ಇನ್ನೊಂದು ಭಾಷೆ ಅಥವಾ ಸಮಾಜ ವಿಷಯದವರದ್ದು. ಸೈನ್ಸ್ ಮಕ್ಕಳು ಭಾಷಾ ಉಪನ್ಯಾಸಕರನ್ನು ಮರೆತೇ ಬಿಟ್ಟಿರುತ್ತಾರೆ.

ಸೇರ್ಪಡೆ (ನಿವೃತ್ತ ಪ್ರಾಚಾರ್ಯರು, ಬೆಳಗಾವಿ): ಸಲಹೆಗಾರರು ಹೇಳಿದ್ದಕ್ಕೆ ಒಂದು ಮಾತು. ಪ್ರಾಚಾರ್ಯರ ಖಾಸಗಿ ಜಿಮೇಲ್‌ಗಿಂತ ಕಾಲೇಜಿನ ಅಧಿಕೃತ ಇಮೇಲ್ ಒಳ್ಳೆಯದು. ಇಲ್ಲದಿದ್ದರೆ ಲೆಟರ್‌ಹೆಡ್‌ನಲ್ಲಿ ಕಚೇರಿ ಫೋನ್ ನಂಬರ್ ಇರಲಿ, ಕರೆ ಬಂದರೆ ಗುಮಾಸ್ತರಿಗೂ ವಿಷಯ ಗೊತ್ತಿರಲಿ.

ಪ್ರಶ್ನೆ (ವಿದ್ಯಾರ್ಥಿ, ಗೋಕಾಕ): ಸರ್, ಜೆಇಇ ಜೊತಿಗೆ ಅಮೆರಿಕಾದ ಕಾಲೇಜಿನ ಪ್ರವೇಶ ಪರೀಕ್ಷೆ ಎಸ್‌ಎಟಿ ಬರಿಯೂದು ಆಗತದೇನ್ರಿ?

ಉತ್ತರ: ಆಗತದಪ್ಪ, ತಾರೀಖು ಹಿಡಿದು ನಡೆದರೆ. ಅರ್ಜಿಯ ಕೊನೆ ದಿನ ಬಹಳ ಕಡೆ ಜನವರಿ ಮೊದಲ ವಾರ, ಅದೇ ತಿಂಗಳು ಜೆಇಇ ಮೇನ್ಸ್. ಆದ್ದರಿಂದ ಅರ್ಜಿಗೆ ಬರೆಯುವ ಪ್ರಬಂಧ ದೀಪಾವಳಿಯೊಳಗೆ ಮುಗಿಸು. ಎಸ್‌ಎಟಿ ಆಗಸ್ಟಿನಲ್ಲಿ ಬರೆ, ಬೇಕಾದರೆ ಅಕ್ಟೋಬರಿನಲ್ಲಿ ಇನ್ನೊಮ್ಮೆ. ಒಟ್ಟು 1600. ಇಂಗ್ಲಿಷ್ 64 ನಿಮಿಷಕ್ಕೆ 54 ಪ್ರಶ್ನೆ, ಗಣಿತ 70 ನಿಮಿಷಕ್ಕೆ 44. ಎರಡಕ್ಕೂ ಎರಡೆರಡು ಭಾಗ. ಮೊದಲನೆಯದರಲ್ಲಿ ತಪ್ಪು ಜಾಸ್ತಿಯಾದರೆ ಎರಡನೆಯದು ಸುಲಭದ್ದು ಬರುತ್ತದೆ, ಆಮೇಲೆ ಎಷ್ಟು ಸರಿ ಮಾಡಿದರೂ ಮೇಲಿನ ಅಂಕ ಸಿಗುವುದಿಲ್ಲ. ಜೆಇಇ ಹುಡುಗರು ಗಣಿತ ಸುಲಭ ಅಂತ ಓಡಿ ಎಡವುವುದು ಇದೇ ಮೊದಲ ಭಾಗದಲ್ಲಿ. ತಯಾರಿಗೆ ಎಸ್‌ಎಟಿಯದ್ದೇ ಆದ ಬ್ಲೂಬುಕ್ ಆ್ಯಪ್‌ನ ಮಾದರಿ ಪರೀಕ್ಷೆ, ಖಾನ್ ಅಕಾಡೆಮಿ ಎರಡೂ ಪುಕ್ಕಟೆ.

ಇನ್ನೊಂದು: ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿ, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಸೇರಿ ಇದ್ದರೆ ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಎಸ್‌ಎಟಿಗೂ ಕಾಮನ್ ಆ್ಯಪ್‌ಗೂ ನೋಂದಾಯಿಸು. ಅಂಕಪಟ್ಟಿಯ ಹೆಸರೂ ನಿನ್ನದೇ ಅಂತ ಪ್ರಾಚಾರ್ಯರ ಪತ್ರದಲ್ಲಿ ಒಂದು ಸಾಲು ಬರೆಸು.