ಸಹಾಯ ಬೇಕು: ಹಳೇ ಜರ್ಮನ್ ಹೆಲ್ಮೆಟ್ ಒಳಗಿನ ಗುರುತು 75ಓ 76ಓ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಹೋದ ಭಾನುವಾರ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಪಿಕೆಲ್‌ಹೌಬ ಕೊಂಡೆ. ನೆತ್ತಿ ಮೇಲೆ ಚೂಪು ಮೊನೆ ಇರುವ ಕಪ್ಪು ಚರ್ಮದ ಹೆಲ್ಮೆಟ್ ಬರುತ್ತಲ್ಲ, ಅದೇ. ಮಾರಿದವನು ಹಿಟ್ಲರ್ ಕಾಲದ್ದು ಅಂತ ಆಣೆ ಮಾಡಿದ. ಸುಮ್ನೆ ನಕ್ಕೆ. 1916ರಲ್ಲೇ ಇದರ ಬದಲಿಗೆ ಉಕ್ಕಿನ ಹೆಲ್ಮೆಟ್ ಬಂದಿತ್ತು, ಅಲ್ವಾ?

ಮುಂದೆ ಹಿತ್ತಾಳೆಯ ಪ್ರಷ್ಯನ್ ಹದ್ದು ಇದೆ. ಕತ್ತಿನ ಕಡೆಯ ಅಂಚಿನ ಒಳಮೈ ಕೆಂಪು. ಅಲ್ಲೇ 'ಜೆ.ಆರ್.' ಅಂತ ಒತ್ತಿದ್ದಾರೆ. ಹಳೇ ಜರ್ಮನ್ ಮೊಹರುಗಳಲ್ಲಿ 'ಐ' ಅಕ್ಷರವೂ 'ಜೆ' ಥರ ಕಾಣುತ್ತದೆ. ಹಾಗಾಗಿ ಇನ್‌ಫ್ಯಾಂಟರಿ ರೆಜಿಮೆಂಟ್, ಅಂದರೆ ಕಾಲಾಳು ಪಡೆ, ಅಂತ ಓದಿಕೊಂಡೆ. ಪಕ್ಕದಲ್ಲಿ 7 ಸ್ಪಷ್ಟವಾಗಿದೆ, ಮುಂದಿನ ಅಂಕಿ ಸವೆದಿದೆ. ಹೆಲ್ಮೆಟ್ ಬುರುಡೆಯ ಒಳಗೆ ಶಾಯಿಯಲ್ಲಿ 'ಬಿ.ಎ.', ರೋಮನ್ ಅಂಕಿಯಲ್ಲಿ 9, ಆಮೇಲೆ 1909. ಅಂದರೆ 9ನೇ ಸೇನಾ ಕೋರ್‌ನ (ಹಲವು ರೆಜಿಮೆಂಟ್ ಸೇರಿದ ದೊಡ್ಡ ಪಡೆ) ಉಡುಪು ಡಿಪೋ.

ತಲೆನೋವು ಇಲ್ಲೇ ಇರೋದು. 75ನೇ ರೆಜಿಮೆಂಟ್ ಬ್ರೆಮೆನ್‌ನದು, 76 ಹ್ಯಾಂಬರ್ಗ್‌ನದು. ಎರಡೂ ಅದೇ ಕೋರ್. ಬದಿಯಲ್ಲಿರುವ ಬಿಲ್ಲೆ ಬಿಳಿ, ಅದರ ಮೇಲೆ ಕೆಂಪು ಶಿಲುಬೆ. ಅದೂ ಎರಡಕ್ಕೂ ಒಂದೇ!

ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿದೆ. ಕೆಳಗೆ ಒಂದು ಸುತ್ತು ಕಂಡಿತು. ಅದು ಕೂಡಿಕೊಂಡಿದ್ದರೆ 6, ಬಾಯಿ ತೆರೆದಿದ್ದರೆ 5. ಎಷ್ಟು ತಿರುಗಿಸಿದರೂ ಗೊತ್ತಾಗಲಿಲ್ಲ.

ಇಂಥ ಮೊಹರು ಓದಿ ಅಭ್ಯಾಸ ಇರುವವರು ಫೋಟೋ ನೋಡಿ ಹೇಳ್ತೀರಾ? ಚರ್ಮಕ್ಕೆ ಏನೂ ಆಗದ ಹಾಗೆ ಅಂಕಿ ಎದ್ದು ಕಾಣಿಸುವ ಉಪಾಯ ಇದ್ದರೂ ತಿಳಿಸಿ. ಎಣ್ಣೆ ಹಚ್ಚು ಅಂತ ಮಾತ್ರ ಹೇಳಬೇಡಿ, ಮನೆಯವರು ಆಗಲೇ ಕೊಬ್ಬರಿ ಎಣ್ಣೆ ಬಾಟಲಿ ತಂದು ಪಕ್ಕದಲ್ಲಿಟ್ಟಿದ್ದಾರೆ.