ಸ್ಟೀವ್ ವಿನ್‌ವುಡ್ ಹಾಡುಗಳನ್ನ ಎಲ್ಲಿಂದ ಶುರು ಮಾಡ್ಲಿ?

ಪ್ರಶ್ನೆ: ಎಲ್ರಿಗೂ ನಮಸ್ಕಾರ. 80ರ ದಶಕದ 'ಹೈಯರ್ ಲವ್' ಹಾಡು ಕೇಳಿ ಇಂಗ್ಲಿಷ್ ಗಾಯಕ ವಿನ್‌ವುಡ್ ಅವರ ದನಿಗೆ ಮರುಳಾಗ್ಬಿಟ್ಟೆ, ಆಮೇಲೆ ನೋಡಿದ್ರೆ 60ರ ದಶಕದಿಂದ್ಲೂ ಹಾಡ್ತಿದಾರೆ, ಅದೂ ಬೇರೆ ಬೇರೆ ಬ್ಯಾಂಡಲ್ಲಿ, ತಲೆ ಕೆಟ್ಟೋಯ್ತು. ಯಾವ ಆರ್ಡರ್‌ನಲ್ಲಿ ಕೇಳ್ಬೇಕು ಹೇಳ್ತೀರಾ?

ಉತ್ತರ 1: 60ರ ದಶಕದಲ್ಲಿ ಇವರು ಹಾಡ್ತಿದ್ದ ಸ್ಪೆನ್ಸರ್ ಡೇವಿಸ್ ಗ್ರೂಪ್ ಬ್ಯಾಂಡ್‌ನಿಂದ ಶುರು ಮಾಡಿ. ಹುಡುಗ ಹುಟ್ಟಿದ್ದು 1948ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ, 1966ರ ಶುರುವಿನಲ್ಲಿ ಬ್ರಿಟನ್ ಚಾರ್ಟ್‌ನಲ್ಲಿ ನಂಬರ್ ಒನ್ ಆದಾಗ ಇನ್ನೂ 17 ವರ್ಷ! ಆ ವಯಸ್ಸಲ್ಲಿ ಅಂಥಾ ಪಳಗಿದ ದನಿ ಎಲ್ಲಿಂದ ಬಂತೋ, ನಂಗೆ ಇವತ್ತಿಗೂ ಆಶ್ಚರ್ಯ. ಅಣ್ಣ ಮಫ್ ಅದೇ ಬ್ಯಾಂಡಲ್ಲಿ ಬೇಸ್ ಗಿಟಾರ್ ನುಡಿಸ್ತಿದ್ರು.

ಉತ್ತರ 2: ನಾನಾದ್ರೆ ಟ್ರಾಫಿಕ್ ಅಂತೀನಿ. 1967ರಲ್ಲಿ ಇವರು ಗೆಳೆಯರ ಜೊತೆ ಕಟ್ಟಿದ ಬ್ಯಾಂಡು, ರಾಕ್, ಜಾಝ್, ಇಂಗ್ಲಿಷ್ ಜಾನಪದ ಎಲ್ಲಾ ಬೆರೆತಿದೆ. 1970ರ 'ಜಾನ್ ಬಾರ್ಲಿಕಾರ್ನ್ ಮಸ್ಟ್ ಡೈ' ಮೊದ್ಲು ಇವರ ಸೋಲೋ ಆಲ್ಬಮ್ ಅಂತ ಶುರುವಾಗಿ ಕೊನೆಗೆ ಬ್ಯಾಂಡಿನ ಆಲ್ಬಮ್ ಆಗಿದ್ದು, ಹೆಡ್‌ಫೋನ್ ಹಾಕ್ಕೊಂಡು ಪೂರ್ತಿ ಕೇಳಿ ದಯವಿಟ್ಟು. ಮಧ್ಯೆ 1969ರಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಜೊತೆ ಬ್ಲೈಂಡ್ ಫೇತ್ ಅನ್ನೋ ಬ್ಯಾಂಡು, ಒಂದೇ ಆಲ್ಬಮ್, ಅಷ್ಟೇ.

ಉತ್ತರ 3: ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನ 15 ನಿಮಿಷದ ಹಾಡು 'ವೂಡೂ ಚೈಲ್'ನಲ್ಲಿ ಹ್ಯಾಮಂಡ್ ಆರ್ಗನ್ (ಕೀಬೋರ್ಡ್ ಥರದ ಎಲೆಕ್ಟ್ರಿಕ್ ವಾದ್ಯ) ನುಡಿಸಿರೋದು ಇವರೇ, ಅದನ್ನ ಬಿಡ್ಬೇಡಿ. 1980ರ ಸೋಲೋ ಆಲ್ಬಮ್ 'ಆರ್ಕ್ ಆಫ್ ಎ ಡೈವರ್'ನಲ್ಲಂತೂ ಡ್ರಮ್ಸು, ಗಿಟಾರು, ಕೀಬೋರ್ಡು ಎಲ್ಲಾ ವಾದ್ಯನೂ ಒಬ್ರೇ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್! ಆ ಆರ್ಗನ್ ಎಷ್ಟೋ ಸಲ ಕೇಳಿದೀನಿ, ಇವರದು ಅಂತ ಗೊತ್ತೇ ಇರ್ಲಿಲ್ಲ. ಇವತ್ತು ರಾತ್ರಿನೇ ಟ್ರಾಫಿಕ್ ಹಾಕ್ತೀನಿ.